ನೂರು ರೊಟ್ಟಿಯ ರಾಜ್ಯ ಬಜೆಟ್

ರಾಜ್ಯದ ಬಜೆಟ್ಟನ್ನು ಯಾರಿಗೆ ಬೇಕಾದರೂ ಅರ್ಧ ತಾಸಿನಲ್ಲಿ ತಿಳಿಯುವಂತೆ ಹೇಳಬಲ್ಲೆ ಎಂಬ ವಿಶ್ವಾಸ ನನಗಿತ್ತು. ಯಾಕಿರಬಾರದು? ಧಾರವಾಡದಲ್ಲಿ ಎರಡು ವರ್ಷ ಕುಳಿತು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನು ನಾನು. ಕುಂದಗೋಳದ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸಿ ಹೊಟ್ಟೆ ಹೊರೆಯುವವನು. ಯಾರು ಏನೇ ಹೇಳಿದರೂ “ಪುರಾವೆ ಏನು?” ಎಂದು ಕೇಳುವುದು ನನ್ನ ಸ್ವಭಾವ. ಜ್ಯೋತಿಷ್ಯ, ಹವಾಮಾನ ವರದಿ, ಮಾವನವರ ಹೊಲದ ಅಳತೆ, ಎಲ್ಲವನ್ನೂ ನಾನು ಸಂಶಯಿಸಿದ್ದೇನೆ. ಈಚೆಗೆ ಆ ಪಟ್ಟಿಗೆ ನನ್ನ ನೆನಪೂ ಸೇರಿದೆ.

ಸೇರಿದ್ದು ಸುಮ್ಮನೆ ಅಲ್ಲ. ಒಮ್ಮೆ ಬಸ್ಸು ಹತ್ತಿ ಕೂತ ಮೇಲೆ ಎಲ್ಲಿಗೆ ಹೊರಟಿದ್ದೇನೆಂಬುದು ಮರೆತುಹೋಗಿ, ಕಂಡಕ್ಟರನನ್ನೇ “ಈ ಬಸ್ಸು ಎಲ್ಲೆಲ್ಲಿ ನಿಲ್ಲತೈತಿ ಒಂದೊಂದ ಹೇಳ್ರಿ, ನನ್ನೂರು ಬಂದ್ರ ಹೇಳ್ತೀನಿ” ಎಂದು ಕೇಳಿದ್ದೆ. ಇಂಥ ಹತ್ತಾರು ಪ್ರಸಂಗಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಿ ನಾನೊಂದು ಸಿದ್ಧಾಂತಕ್ಕೆ ಬಂದೆ: ನನ್ನ ನೆನಪು ಏನು ಹೇಳುತ್ತದೆಯೋ ಅದರ ಉಲ್ಟಾ ಮಾಡಿದರೆ ಸರಿಯಾಗುತ್ತದೆ! ಈ ಸಿದ್ಧಾಂತವೇ ನನ್ನನ್ನು ರೊಟ್ಟಿಯ ಸಾಲಕ್ಕೆ ನೂಕಿತು.

ಅದು ಬಜೆಟ್ ಮಂಡನೆಯಾದ ವಾರ. ನಮ್ಮೂರು ಸಂಶಿಯ ಗ್ರಂಥಾಲಯದಲ್ಲಿ ಪೇಪರು ಓದುವವರಿಗಿಂತ ಪೇಪರಿನ ಮೇಲೆ ಜಗಳಾಡುವವರೇ ಹೆಚ್ಚು. ಅವರ ಮುಖಂಡರು ಬಸಣ್ಣ ಕಾಕಾ. ಯಾವುದೋ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು.

“ಸರಕಾರ ಸಾಲಾ ಮಾಡೂದರ ಯಾಕ್ರಿ?” ಎಂದು ಅವರು ಮೇಜು ಗುದ್ದಿದರು. “ನೋಟ್ ಅಚ್ಚು ಹಾಕೂ ಮಷೀನ್ ಅವರ ಕಡೆ ಇಲ್ಲೇನು?”

“ಕಾಕಾ, ಆ ಮಷೀನ್ ರಾಜ್ಯದ ಕೈಯಾಗ ಇಲ್ಲರಿ” ಎಂದೆ.

“ಹಂಗಾರ ಯಾರ ಕೈಯಾಗ ಐತಿ, ಅವರ ಕಡೆ ಕೈಗಡಾ ಇಸ್ಕೊಳ್ಳಲಿ!”

ಗ್ರಂಥಪಾಲಕ ಫಕೀರಪ್ಪ ಕೈ ಮುಗಿದ. “ಸರ, ಇವರ ಜಗಳಾ ಕೇಳಿ ನನ್ನ ಕಿವಿ ಹರದಾವು. ರವಿವಾರ ಒಂದು ಭಾಷಣಾ ಮಾಡಿಬಿಡ್ರಿ. ನನಗೂ ತಿಂಗಳಿಗೊಂದು ಕಾರ್ಯಕ್ರಮದ ಫೋಟೋ ಕಳಸೂದೈತಿ.”

“ಅದೇನು ಮಹಾ!” ಎಂದೆ. ಜಗತ್ತಿನ ಬಹುತೇಕ ಅನಾಹುತಗಳು ಈ ಎರಡು ಶಬ್ದಗಳಿಂದಲೇ ಶುರುವಾಗಿವೆ.

ಭಾಷಣವೆಂದರೆ ಜನ ಆಕಳಿಸುತ್ತಾರೆ. ಕಣ್ಣಿಗೆ ಕಾಣುವಂಥದ್ದು ಏನಾದರೂ ಬೇಕು. ಬಜೆಟ್ ಬಂದ ಮರುದಿನ ಪೇಪರಿನಲ್ಲಿ ಒಂದು ದುಂಡು ಚಿತ್ರ ಬರುತ್ತದಲ್ಲ, ಸರ್ಕಾರಕ್ಕೆ ರೂಪಾಯಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು? ಅದನ್ನು ನೋಡುತ್ತಿದ್ದಂತೆ ನನಗೆ ಹೊಳೆಯಿತು. ಇದು ರೊಟ್ಟಿ! ರೂಪಾಯಿಗೆ ನೂರು ಪೈಸೆ, ಪೈಸೆಗೊಂದು ರೊಟ್ಟಿ. ನೂರು ಖಡಕ್ ರೊಟ್ಟಿಗಳನ್ನು ಜನರ ಮುಂದೆಯೇ ಇಲಾಖೆಗಳಿಗೆ ಹಂಚುವುದು, ಆಮೇಲೆ ಮರಳಿ ಬುಟ್ಟಿಗೆ ತುಂಬಿ ಮನೆಗೆ ತರುವುದು. ಯೋಜನೆಯಲ್ಲಿ ಒಂದೇ ಒಂದು ಲೋಪವೂ ನನಗೆ ಕಾಣಲಿಲ್ಲ.

ಮನೆಯಲ್ಲಿ ರೊಟ್ಟಿಗೆ ಬರವಿರಲಿಲ್ಲ. ನನ್ನ ಹೆಂಡತಿ ಸುಮಂಗಲಾ ಓಣಿಯ ಹತ್ತು ಹೆಣ್ಣುಮಕ್ಕಳ ಸಂಘ ಕಟ್ಟಿದ್ದಳು. ಆರು ತಿಂಗಳು ಅಲೆದಾಡಿದ ಮೇಲೆ ಹುಬ್ಬಳ್ಳಿಯ ಒಂದು ಖಾನಾವಳಿಯವರು, “ಮೊದಲ ನೂರು ರೊಟ್ಟಿ ಕಳಸ್ರಿ. ಚಲೋ ಇದ್ರ ವಾರಾ ವಾರಾ ತಗೋತೀವಿ, ಇಲ್ಲಂದ್ರ ಇಲ್ಲ” ಎಂದಿದ್ದರು. ಆ ನೂರು ರೊಟ್ಟಿ ಭಾನುವಾರ ಸಂಜೆ ನಾಲ್ಕರ ಬಸ್ಸಿಗೆ ಹೋಗಬೇಕಿತ್ತು. ಹತ್ತೂ ಜನ ಮೂರು ದಿನದಿಂದ ಬಡಿದು, ಸುಟ್ಟು, ಒಣಗಿಸಿ ನಮ್ಮ ಮನೆಯಲ್ಲಿ ಬುಟ್ಟಿ ತುಂಬಿಟ್ಟಿದ್ದರು. ಅದರ ಜೊತೆಗೆ ನಮ್ಮ ಮನೆಯ ಬಳಕೆಯ ರೊಟ್ಟಿಯದೂ ಒಂದು ಬುಟ್ಟಿ ಇತ್ತು.

ಭಾನುವಾರ ಬೆಳಿಗ್ಗೆ ಸುಮಂಗಲಾ ಜೋಳದ ಚೀಲ ಹೊತ್ತು ಗಿರಣಿಗೆ ಹೊರಟಾಗ ನನ್ನ ಯೋಜನೆ ತಿಳಿಸಿದೆ.

“ರೊಟ್ಟಿ ತಗೊಂಡು ಭಾಷಣಾ ಮಾಡ್ತೀರಿ? ಮಾಡ್ರಿ, ಮಾಡ್ರಿ. ಮನಿಯವು ನಾಗಂದಿಗಿ ಮ್ಯಾಲ ಅದಾವು, ಆ ಬುಟ್ಟಿ ಒಯ್ರಿ. ಬಾಗಲದ ಬಾಜೂದು ಖಾನಾವಳಿದು. ಅದನ್ನ ಮುಟ್ಟಬ್ಯಾಡ್ರಿ ಮತ್ತ!”

“ನಾನೇನು ಸಣ್ಣ ಹುಡುಗನ?” ಎಂದೆ. ಅವಳು ಗಿರಣಿಯ ದಾರಿ ಹಿಡಿದಳು.

ಒಂದು ತಾಸಿನ ನಂತರ ನಾನು ಎರಡು ಬುಟ್ಟಿಗಳ ನಡುವೆ ನಿಂತಿದ್ದೆ. ಒಂದು ನಾಗಂದಿಗೆಯಲ್ಲಿ, ಅಂದರೆ ಗೋಡೆಯ ಮೇಲಿನ ಹಲಗೆಯಲ್ಲಿ, ಇನ್ನೊಂದು ಬಾಗಿಲ ಬದಿಯಲ್ಲಿ. ಯಾವುದನ್ನು ಒಯ್ಯಿರಿ ಎಂದಿದ್ದಳು? ಮೇಲಿನದು ಎಂದಿತು ನೆನಪು. ಅಂದಮೇಲೆ ಅದು ಕೆಳಗಿನದೇ ಇರಬೇಕು! ಫೋನ್ ಮಾಡಿ ಕೇಳೋಣವೆಂದರೆ ಅವಳ ಫೋನು ಅಡಿಗೆಮನೆಯಲ್ಲೇ ಚಾರ್ಜಿಗೆ ಹಾಕಿದಲ್ಲಿಂದ ಹಾಡತೊಡಗಿತು. ಆದರೂ ನಾನು ಪುರಾವೆಯಿಲ್ಲದೆ ನಂಬುವವನಲ್ಲ. ಕೆಳಗಿನ ಬುಟ್ಟಿಯ ರೊಟ್ಟಿಗಳನ್ನು ಎಣಿಸಿದೆ. ಸರಿಯಾಗಿ ನೂರು! ನನಗೆ ಬೇಕಾದದ್ದೂ ನೂರು! ಹೆಂಡತಿ ಎಣಿಸಿಯೇ ಇಟ್ಟು ಹೋಗಿದ್ದಾಳೆಂದು ಕಣ್ಣು ಒದ್ದೆಯಾಯಿತು. ಬುಟ್ಟಿ ಹೊತ್ತು ನಡೆದೆ.

ಗ್ರಂಥಾಲಯದಲ್ಲಿ ನಲವತ್ತು ಜನ ಸೇರಿದ್ದರು. ರೊಟ್ಟಿಯ ಸುದ್ದಿ ನನಗಿಂತ ಮೊದಲೇ ಅಲ್ಲಿ ಮುಟ್ಟಿತ್ತು. ನಮ್ಮ ಪಕ್ಕದ ಮನೆಯ ಗಂಗವ್ವ, ಎಪ್ಪತ್ತು ದಾಟಿದ ಗಟ್ಟಿ ಮುದುಕಿ, ಒಂದು ಡಬ್ಬಿ ಶೇಂಗಾ ಚಟ್ನಿಯನ್ನೇ ತಂದಿದ್ದಳು.

“ಇದು ಊಟ ಅಲ್ಲ ಬೇ, ಬಜೆಟ್!” ಎಂದೆ.

“ಇರವಲ್ದ್ಯಾಕ ತಮ್ಮಾ. ಚಟ್ನಿ ಏನ ಬ್ಯಾಡ ಅಂತೈತೇನು?”

ನಾನು ನೆಲದ ಮೇಲೆ ಚಾಕ್‌ಪೀಸಿನಿಂದ ದೊಡ್ಡ ವೃತ್ತಗಳನ್ನು ಬರೆದೆ: ಸಂಬಳ, ಪಿಂಚಣಿ, ಬಡ್ಡಿ, ಪಂಪ್‌ಸೆಟ್ಟಿನ ಕರೆಂಟು, ಮನೆಯೊಡತಿಯರ ತಿಂಗಳ ಹಣ, ಶಾಲೆ, ದವಾಖಾನೆ, ರಸ್ತೆ. ಆಮೇಲೆ ಬುಟ್ಟಿ ತೋರಿಸಿ ಈ ನೂರು ಎಲ್ಲಿಂದ ಬಂತೆಂದು ವಿವರಿಸಿದೆ. ನೀವು ಸಾಬೂನು ಕೊಂಡರೆ ತೆರಿಗೆ, ಹೊಲ ಖರೀದಿ ಮಾಡಿದರೆ ಶುಲ್ಕ, ಬೈಕು ಕೊಂಡರೆ ತೆರಿಗೆ, ದಿಲ್ಲಿಯಿಂದ ಬರುವ ಪಾಲು, ಮತ್ತೆ ಸಂಜೆ ಬಾಟಲಿ ಕೊಂಡರೆ ಅದರಿಂದಲೂ ಸಾಕಷ್ಟು. ಎಲ್ಲರೂ ಹಿಂದಿನ ಬೆಂಚಿನಲ್ಲಿ ಕೂತ ಒಬ್ಬನ ಕಡೆ ತಿರುಗಿದರು. ರಾಜ್ಯದ ಬೊಕ್ಕಸಕ್ಕೆ ತನ್ನ ಕಾಣಿಕೆ ಇಷ್ಟಿದೆಯೆಂದು ಆತನಿಗೂ ಅಂದೇ ಗೊತ್ತಾದದ್ದು. ಎದೆ ಉಬ್ಬಿಸಿ ಕುಳಿತ.

ಇನ್ನು ಹಂಚಿಕೆ. ಯಾವುದಕ್ಕೆ ಎಷ್ಟು ಪೈಸೆ ಎಂದು ಪೇಪರಿನಲ್ಲಿ ಗುರುತು ಹಾಕಿಟ್ಟಿದ್ದೆ. ಪೇಪರು ಎಲ್ಲಿ? ಮನೆಯಲ್ಲಿ. ಅಂಕಿಗಳು ನೆನಪಿವೆಯೆ? ನನ್ನ ನೆನಪಿನ ಅಂಕಿಗಳನ್ನು ಕೂಡಿಸಿದರೆ ರೂಪಾಯಿಗೆ ನೂರಮೂವತ್ತು ಪೈಸೆಯಾಗುತ್ತಿತ್ತು!

“ಬಜೆಟ್ ಅಂದ್ರನ ಅಂದಾಜುರಿ” ಎಂದು ಗಂಭೀರವಾಗಿ ಹೇಳಿದೆ. “ಅಂದಾಜಿನ್ಯಾಗ ಹಂಚೂಣು.”

ಅಂದಾಜು ಎಂಬ ಶಬ್ದ ಕೇಳಿದ್ದೇ ತಡ, ಜನ ಎದ್ದು ತಮಗೆ ಬೇಕಾದ ವೃತ್ತಗಳಲ್ಲಿ ಕೂತುಬಿಟ್ಟರು. ಬಸಣ್ಣ ಕಾಕಾ ಪಿಂಚಣಿಯಲ್ಲಿ ಚಕ್ಕಳಮಕ್ಕಳ ಹಾಕಿದರು. ಮಾಸ್ತರರೆಲ್ಲ ಸಂಬಳದಲ್ಲಿ ಒತ್ತೊತ್ತಾಗಿ ಸೇರಿದರು. ಹೊಲದವರು ಕರೆಂಟಿಗೆ ಹೋದರು. ಹೆಣ್ಣುಮಕ್ಕಳು ತಮ್ಮ ವೃತ್ತ ಸಾಲದೆ ಚಾಕ್‌ಪೀಸ್ ಇಸಿದುಕೊಂಡು ತಾವೇ ಅದನ್ನು ದೊಡ್ಡದು ಮಾಡಿದರು. ಬಡ್ಡಿಯ ವೃತ್ತ ಮಾತ್ರ ಖಾಲಿ ಇತ್ತು. ಅದರ ಮೇಲೆ ಫ್ಯಾನ್ ಇದೆ ಎಂದು ಗಂಗವ್ವ ಅಲ್ಲಿ ಕುಳಿತಳು.

“ಬಡ್ಡಿ ಅಂದ್ರ ಹಿಂದಿನ ವರ್ಷದ ಸಾಲಕ್ಕ ಕೊಡೂದು” ಎಂದು ಅವಳ ಮುಂದೆ ರೊಟ್ಟಿ ಇಡುತ್ತ ಹೇಳಿದೆ. “ಇದನ್ನ ತಪ್ಪಸೂ ಹಂಗಿಲ್ಲ. ಬ್ಯಾರೆ ಯಾರಿಗೆ ಕಡಿಮಿ ಆದ್ರೂ ಇಲ್ಲಿ ಕೊಡಾಕ ಬೇಕು.”

“ಕೆಲಸಾ ಏನ ಮಾಡಬೇಕು?”

“ಏನೂ ಇಲ್ಲ. ಕೂಡೂದು ಅಷ್ಟ.”

“ಯವ್ವಾ! ಇಷ್ಟ ವರ್ಷ ಸುಮ್ಮನ ದುಡದೆ ನೋಡು!” ಎಂದಳು ಗಂಗವ್ವ.

ಸಂಬಳ, ಪಿಂಚಣಿ, ಬಡ್ಡಿ, ಕರೆಂಟು, ಮನೆಯೊಡತಿಯರು, ಇಷ್ಟು ಮುಗಿಯುವಷ್ಟರಲ್ಲಿ ಬುಟ್ಟಿಯ ತಳ ಕಂಡಿತು. ಶಾಲೆ, ದವಾಖಾನೆ, ರಸ್ತೆ ಬಾಯಿ ತೆರೆದು ನೋಡುತ್ತಿದ್ದವು. ಅವಕ್ಕೂ ಅಷ್ಟಿಷ್ಟು ಹಾಕಿದೆ.

“ಸರ, ಗ್ರಂಥಾಲಯಕ್ಕ?” ಫಕೀರಪ್ಪ ಕೇಳಿದ.

ಬುಟ್ಟಿ ಬೋರಲು ಮಾಡಿದೆ. ಒಂದು ಚೂರು ಬಿತ್ತು. ಅದನ್ನೇ ಆತ ಎರಡೂ ಕೈಯಿಂದ ತೆಗೆದುಕೊಂಡು ಫೋಟೋ ಹೊಡೆಸಿಕೊಂಡ. ಅನುಭವಸ್ಥ.

“ಹಿಂಗ ಕಡಿಮಿ ಬಿದ್ದಾಗ ಸರಕಾರ ಸಾಲಾ ತರತೈತಿ” ಎಂದು ನಾನು ಮುಖ್ಯ ವಿಷಯಕ್ಕೆ ಬಂದೆ. “ಉದಾಹರಣೆಗೆ, ನಾನು ನಿಮ್ಮ ಕಡೆ ಹತ್ತು ರೊಟ್ಟಿ ಸಾಲಾ ತಗೊಂಡು ಹನ್ನೊಂದು ಕೊಡ್ತೀನಿ ಅಂತ ತಿಳೀರಿ. ಹತ್ತಕ್ಕೊಂದು ಬಡ್ಡಿ...”

ಕಟಂ ಎಂಬ ಸದ್ದು ಕೇಳಿ ತಿರುಗಿದೆ. ಬಸಣ್ಣ ಕಾಕಾ ಪಿಂಚಣಿಯನ್ನು ಚಟ್ನಿಗೆ ಅದ್ದಿ ಕಡಿಯುತ್ತಿದ್ದರು!

“ಕಾಕಾ! ಅವನ್ನ ವಾಪಸ್ ಕೊಡಬೇಕ್ರಿ!”

“ಅನುದಾನ ವಾಪಸ್ ಕೊಡೂದು? ಮೂವತ್ತು ವರ್ಷ ಸರ್ವಿಸ್ ಮಾಡೇನ್ರಿ ಸರ. ಬಂದ ಅನುದಾನ ಮಾರ್ಚ್ ಮುಗಿಯೂದ್ರಾಗ ಖರ್ಚ್ ಮಾಡಬೇಕು. ಇಲ್ಲಂದ್ರ ಮುಂದಿನ ವರ್ಷ ಕೊಡೂದಿಲ್ಲ!”

ಈ ಆಡಳಿತ ತತ್ವ ಎಲ್ಲ ಇಲಾಖೆಗಳಿಗೂ ಕೂಡಲೇ ಒಪ್ಪಿಗೆಯಾಯಿತು. ಗ್ರಂಥಾಲಯವೆಲ್ಲ ಕಟಂ ಕಟಂ ಎಂದು ತುಂಬಿತು. ನಾನು ಸಂಬಳದ ಕಡೆ ಓಡುವಷ್ಟರಲ್ಲಿ ಕರೆಂಟು ಮುಗಿದಿತ್ತು. ದವಾಖಾನೆಯನ್ನು ಉಳಿಸಲು ಹೋದರೆ ರಸ್ತೆ ಇರಲಿಲ್ಲ. ಹತ್ತು ನಿಮಿಷದಲ್ಲಿ ರಾಜ್ಯದ ಇಡೀ ವರ್ಷದ ಬಜೆಟ್ಟು ಖರ್ಚಾಯಿತು. ಇಷ್ಟು ಪೂರ್ಣ ಪ್ರಮಾಣದ ಅನುಷ್ಠಾನವನ್ನು ಯಾವ ಸರ್ಕಾರವೂ ಕಂಡಿರಲಾರದು!

ಬಾಗಿಲಲ್ಲಿ ಸುಮಂಗಲಾ ನಿಂತಿದ್ದಳು. ಗಿರಣಿಯಿಂದ ಹಿಟ್ಟಿನ ಚೀಲ ಹೊತ್ತು ಮರಳುತ್ತಿದ್ದಳು. ಖಾಲಿ ಬುಟ್ಟಿ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಬುಟ್ಟಿ ನೋಡಿದಳು.

“ಇದು ಬಾಗಲದ ಬಾಜೂಕಿದ್ದ ಬುಟ್ಟಿ ಅಲ್ಲೇನ್ರಿ?”

“ಹೌದು... ನೀನ ಅಂದಿ...”

“ನಾ ಏನಂದೆ?”

ಆ ಕ್ಷಣಕ್ಕೆ ನನ್ನ ನೆನಪು ಅಕ್ಷರಶಃ ಮರಳಿ ಬಂತು. ಮೊದಲೇ ಅದು ಸರಿಯಾಗಿ ಹೇಳಿತ್ತು! ನನ್ನ ಜೀವನದಲ್ಲಿ ಅದು ಸರಿಯಾಗಿದ್ದದ್ದು ಆ ಒಂದು ದಿನ, ಅದೇ ದಿನ ನಾನು ಅದನ್ನು ನಂಬಲಿಲ್ಲ.

ಅವಳು ಬೈಯಲಿಲ್ಲ. ಚೀಲ ಇಳಿಸಿ ಬಾಗಿಲ ಚೌಕಟ್ಟಿಗೆ ಒರಗಿದಳು. “ಹತ್ತು ಮಂದಿ ಹೆಣ್ಮಕ್ಕಳ್ರಿ. ಕೈ ಸುಟಗೊಂಡು ಬಡದಾರ” ಎಂದಳು ಮೆಲ್ಲಗೆ. ಬೈದಿದ್ದರೆ ಒಳ್ಳೆಯದಿತ್ತು.

ಗಂಟೆ ಹನ್ನೆರಡೂವರೆ. ಬಸ್ಸು ನಾಲ್ಕಕ್ಕೆ. ನನ್ನೊಳಗಿನ ಅರ್ಥಶಾಸ್ತ್ರಜ್ಞ ಎದ್ದು ನಿಂತ. ಅವಳು ಬಾಯಿ ತೆರೆಯುವ ಮೊದಲೇ ನಾನು ಬೆಂಚು ಹತ್ತಿ ಘೋಷಿಸಿದೆ: “ಎಲ್ಲಾರೂ ಕೇಳ್ರಿ! ಯಾರ ಮನ್ಯಾಗ ಖಡಕ್ ರೊಟ್ಟಿ ಅದಾವು, ಈಗಿಂದೀಗ ಸಾಲಾ ಕೊಡ್ರಿ. ಹತ್ತಕ್ಕೊಂದು ಬಡ್ಡಿ! ವಾರದಾಗ ವಾಪಸ್!”

“ಏನ್ರಿ ಅದು, ಬಡ್ಡಿ...” ಎಂದು ಸುಮಂಗಲಾ ಕೂಗಿದಳು. ಯಾರಿಗೆ ಕೇಳಬೇಕು? ಗ್ರಂಥಾಲಯ ಒಂದು ನಿಮಿಷದಲ್ಲಿ ಖಾಲಿಯಾಗಿತ್ತು. ನನ್ನ ಮಾತಿಗೆ ಊರು ಇಷ್ಟು ಬೇಗ ಓಗೊಟ್ಟದ್ದು ಅದೇ ಮೊದಲು.

“ರೊಟ್ಟಿಗೆ ಬಡ್ಡಿ ಎಲ್ಲೆರ ಐತೇನ್ರಿ?” ಎಂದಳು ನನ್ನ ಕಡೆ ತಿರುಗಿ. “ನಮ್ಮಲ್ಲಿ ಬೀಗರು ಬಂದ್ರ ಬಾಜೂ ಮನಿಯಿಂದ ಇಪ್ಪತ್ತು ತರ್ತೀವಿ, ನಾಳಿ ಇಪ್ಪತ್ತು ಕೊಡ್ತೀವಿ. ಎಣಿಕಿಗೆ ಎಣಿಕಿ. ನಾ ನಾಕು ಮನಿಗೆ ಹೋಗಿ ಕೇಳಿದ್ರ ಅರ್ಧಾ ತಾಸನ್ಯಾಗ ನೂರು ರೊಟ್ಟಿ ಬರ್ತಿದ್ವು. ಅದೂ ಚಲೋವು! ಈಗ ನೋಡ್ರಿ ಏನೇನ ಬರ್ತಾವು.”

ಬಂದವು. ಬುಟ್ಟಿ, ಮೊರ, ಗೋಣಿಚೀಲಗಳಲ್ಲಿ ಬಂದವು! ಜೋಳದವು, ಸಜ್ಜೆಯವು, ಎಳ್ಳು ಹಚ್ಚಿದವು, ತೆಳ್ಳಗಿನವು, ಹಲಗೆಯಂಥವು. ಯಾವ ಹಬ್ಬಕ್ಕೆ ಬಡಿದದ್ದೋ ಏನೋ, ಮನೆಯ ಮೂಲೆಯಲ್ಲಿ ಮರೆತುಬಿಟ್ಟಿದ್ದ ರೊಟ್ಟಿಗಳಿಗೆಲ್ಲ ಅಂದು ಯೋಗ ಕೂಡಿ ಬಂತು. ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯುವುದು, ಮೇಲೆ ಬಡ್ಡಿ! ಇಂಥ ಹೂಡಿಕೆಯನ್ನು ಯಾರು ಬಿಡುತ್ತಾರೆ? “ಸಾಕ್ರಿ, ಸಾಕ್ರಿ!” ಎಂದು ನಾನು ಕೈ ಅಡ್ಡ ಹಿಡಿದರೆ, “ಅವರ ಕಡೆ ತಗೊಂಡೀರಿ, ನಮ್ಮವೇನ ಪಾಪಾ ಮಾಡ್ಯಾವು?” ಎಂದು ಜಗಳಕ್ಕೆ ಬಂದರು. ನೂರು ಬೇಕಿದ್ದವನ ಮೇಲೆ ಇನ್ನೂರ ಮೂವತ್ತು ರೊಟ್ಟಿಯ ಸಾಲ ಬಿತ್ತು.

ನನ್ನ ನೆನಪಿನ ಮೇಲೆ ಈಗ ಯಾವ ಪ್ರಯೋಗಕ್ಕೂ ನಾನು ಸಿದ್ಧನಿರಲಿಲ್ಲ. ಯಾರು ಎಷ್ಟು ಕೊಟ್ಟರೆಂದು ಅಲ್ಲೇ ನೆಲದ ಮೇಲೆ ಚಾಕ್‌ಪೀಸಿನಿಂದ ಹೆಸರು ಸಮೇತ ಬರೆದೆ. ಜಾಗರೂಕತೆ ಎಂದರೆ ಹೀಗಿರಬೇಕು!

ಸುಮಂಗಲಾ ಮತ್ತು ಸಂಘದವರು ರೊಟ್ಟಿಗಳ ಗುಡ್ಡದ ಸುತ್ತ ಕುಳಿತರು. ಒಂದೊಂದನ್ನೇ ಎತ್ತಿ, ಬೆರಳಿನಿಂದ ಬಡಿದು, ಸದ್ದು ಕೇಳಿ, ಮೂಸಿ, ಇದು ಹೌದು ಇದು ಅಲ್ಲ ಎಂದು ಬೇರೆ ಮಾಡಿದರು. ನಾಗಂದಿಗೆಯ ಮೇಲಿನ ಮನೆಯ ಬುಟ್ಟಿಯನ್ನೂ ತಂದು ಸೋಸಿದರು. ಮೂರೂವರೆಗೆ ತೊಂಬತ್ತಾರು ಆದವು. ನಾಲ್ಕು ಕಡಿಮೆ! ಉಳಿದ ಗುಡ್ಡದಲ್ಲಿ ಖಾನಾವಳಿಗೆ ಕಳಿಸುವಂಥ ಒಂದೂ ಇರಲಿಲ್ಲ.

ಆಗ ಗಂಗವ್ವ ಸೆರಗಿನೊಳಗಿಂದ ನಾಲ್ಕು ರೊಟ್ಟಿ ಹೊರತೆಗೆದಳು. ತೆಳ್ಳಗೆ, ದುಂಡಗೆ, ಹಪ್ಪಳದಂಥವು.

“ಇವು ನಮ್ಮ ಬುಟ್ಟಿಯಾವ!” ಎಂದು ಸುಮಂಗಲಾ ಚೀರಿದಳು.

“ಹೌದವ್ವ ತಂಗಿ. ನಿನ್ನ ಗಂಡನ ಕೊಟ್ಟಾನ, ಬಡ್ಡಿ ಅಂತ. ನನಗ ಹಲ್ಲೆಲ್ಲಿ ಅದಾವು? ಹಾಲಿನ್ಯಾಗ ನೆನಸಿ ತಿನ್ನೂಣು ಅಂತ ಇಟಗೊಂಡಿದ್ದೆ. ಬೇಕಾದ್ರ ಸಾಲಾ ತಗೋರಿ. ನಾಕಕ್ಕ ಒಂದು ಬಡ್ಡಿ.”

“ಹತ್ತಕ್ಕ ಒಂದು ಬೇ!” ಎಂದೆ ನಾನು.

“ಅದು ಮಧ್ಯಾನ್ನದ ದರಾ. ಈಗ ಬಸ್ಸಿನ ಹೊತ್ತಾತು.”

ನಮ್ಮದೇ ರೊಟ್ಟಿ, ನಾನೇ ಬಡ್ಡಿಯಾಗಿ ಕೊಟ್ಟದ್ದು, ಅದನ್ನೇ ಮತ್ತೆ ಬಡ್ಡಿಗೆ ಸಾಲ ತಂದೆ! ಎಂ.ಎ.ಯಲ್ಲಿ ಎರಡು ಪತ್ರಿಕೆ ಬರೆದರೂ ತಿಳಿಯದ ಸಾರ್ವಜನಿಕ ಸಾಲದ ಮರ್ಮ ಹಲ್ಲಿಲ್ಲದ ಬಾಯಿಂದ ಒಂದು ನಿಮಿಷದಲ್ಲಿ ತಿಳಿಯಿತು.

ನಾಲ್ಕರ ಬಸ್ಸಿಗೆ ನೂರು ರೊಟ್ಟಿ ಹೋದವು. ಮರುದಿನ ಮಧ್ಯಾಹ್ನದವರೆಗೆ ಸಂಘದ ಹತ್ತೂ ಜನ ನಮ್ಮ ಪಡಸಾಲೆಯಲ್ಲಿ ಕೂತು ಒಂದು ಫೋನನ್ನೇ ನೋಡುತ್ತಿದ್ದರು. ಅದು ಹಾಡಿದ ಕೂಡಲೇ ಸುಮಂಗಲಾ ಎತ್ತಿ ಸ್ಪೀಕರಿಗೆ ಹಾಕಿದಳು.

“ರೊಟ್ಟಿ ಅಡ್ಡಿಯಿಲ್ರಿ ಅಕ್ಕಾರ” ಎಂದರು ಖಾನಾವಳಿಯವರು. “ಆದ್ರ ಒಂದರ ಹಂಗ ಒಂದಿಲ್ಲ. ಮುಂದಿನ ಸಲ ಎಲ್ಲಾ ಒಂದ ಅಳತಿ ಇರಲಿ. ನೂರಾಐವತ್ತು ಕಳಸ್ರಿ.”

ಹೆಂಗಸರು ಕುಣಿದರು. ನಾನೂ ಕುಣಿಯಲು ಎದ್ದೆ.

“ನೀವು ಕೂಡ್ರಿ” ಎಂದಳು ಸುಮಂಗಲಾ. “ಆರ್ಡರು ಸಂಘದ್ದು. ಸಾಲಾ ನಿಮ್ಮದು.”

ಮಿಕ್ಕ ರೊಟ್ಟಿಗಳನ್ನು ಕೊಟ್ಟವರಿಗೇ ಮರಳಿಸೋಣವೆಂದು ಹೊರಟೆ. ಯಾರೂ ಗುರುತು ಹಿಡಿಯಲಿಲ್ಲ. “ಇಂಥ ರೊಟ್ಟಿ ನಮ್ಮ ಮನ್ಯಾಗ ಮಾಡೂದಿಲ್ರಿ!” ಎಂದು ಪ್ರತಿ ಮನೆಯವರೂ ಆಣೆ ಮಾಡಿದರು. ಬಸಣ್ಣ ಕಾಕಾನ ಎಮ್ಮೆಗೆ ಹಾಕಿದೆ. ಅದು ಮೂಸಿ, ನನ್ನನ್ನು ಒಮ್ಮೆ ನೋಡಿ, ಮುಖ ತಿರುಗಿಸಿತು. ಹೋಗಲಿ, ಯಾರಿಗೆ ಎಷ್ಟು ಕೊಡಬೇಕೆಂದು ನೋಡಲು ಗ್ರಂಥಾಲಯಕ್ಕೆ ಹೋದೆ. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು.

“ಅಗದಿ ಹೊಲಸಾಗಿತ್ರಿ ಸರ, ಎರಡ ಸರ್ತಿ ಒರಸಿದೆ!” ಎಂದ ಫಕೀರಪ್ಪ ಹೆಮ್ಮೆಯಿಂದ.

ಆಮೇಲೆ ಊರು ಹೇಳಿದ್ದೇ ಲೆಕ್ಕ. ಹತ್ತು ಕೊಟ್ಟವರು ಹದಿನೈದು ಎಂದರು. ಏನೂ ಕೊಡದವರು ಸಂಕೋಚದಿಂದ ಐದು ಎಂದರು. ಇಲ್ಲವೆನ್ನಲು ನನ್ನ ಬಳಿ ಏನು ಪುರಾವೆ ಇತ್ತು? ಮುನ್ನೂರರ ಮೇಲೆ ಹೋಯಿತು. ಅಂಗಡಿಯಿಂದ ಕೊಂಡು ತಂದು ಕೊಡುತ್ತೇನೆಂದರೆ ಸುಮಂಗಲಾ ಕಣ್ಣು ಕೆಂಪಗೆ ಮಾಡಿದಳು: “ರೊಟ್ಟಿ ಸಂಘದ ಮನಿಯಾಗ ಅಂಗಡಿ ರೊಟ್ಟಿ? ಊರು ನಗತೈತಿ.” ಕೆಳಗಿನ ಓಣಿಯಿಂದ ಸಾಲ ತಂದು ಮೇಲಿನ ಓಣಿಗೆ ತೀರಿಸಿದೆ. ಕೆಳಗಿನ ಓಣಿಗೆ ತೀರಿಸಲು ಊರಬಾಗಿಲಿನ ಅಗಸಿಯ ಆಚೆಗೆ ಹೋದೆ. ಪ್ರತಿ ಸುತ್ತಿಗೂ ಸಾಲ ಬೆಳೆಯಿತು, ನನ್ನ ಚಪ್ಪಲಿ ಸವೆಯಿತು. ಕೊನೆಗೆ ನನ್ನನ್ನು ಕಂಡರೆ ಅಗಸಿಯ ಆಚೆಯವರೂ ಬಾಗಿಲು ಹಾಕತೊಡಗಿದರು.

ಉಳಿದ ದಾರಿ ಒಂದೇ. ಸ್ವಂತ ದುಡಿಮೆ!

ಬೆಳಿಗ್ಗೆ ಐದಕ್ಕೆ ಎದ್ದು ಹಿಟ್ಟು ನಾದಿದೆ. ಬಡಿದೆ. ಹರಿಯಿತು. ಕೂಡಿಸಿದೆ. ಹಂಚಿಗೆ ಹಾಕುವಾಗ ಎರಡಾಯಿತು. ನೀರು ಹೆಚ್ಚಾದರೆ ಅಂಬಲಿ, ಹಿಟ್ಟು ಹೆಚ್ಚಾದರೆ ಇಟ್ಟಿಗೆ. ಕೊನೆಗೆ ಹರಿಯದಿರಲೆಂದು ಬೆರಳು ದಪ್ಪ ಬಡಿದು, ಹಸಿ ಉಳಿಯದಿರಲೆಂದು ಕರಿ ಆಗುವವರೆಗೆ ಸುಟ್ಟೆ. ಸುಮಂಗಲಾ ಬಾಗಿಲಲ್ಲಿ ನಿಂತು ನೋಡಿದಳು. ನಗು ಬಂದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಮೊದಲ ಕಂತನ್ನು ಬಸಣ್ಣ ಕಾಕಾನಿಗೆ ಒಯ್ದೆ. ಅವರು ಒಂದನ್ನು ಮುರಿಯಲು ನೋಡಿದರು. ಮೊಳಕಾಲಿಗೆ ಆನಿಸಿ ನೋಡಿದರು. ಕಟ್ಟೆಗೆ ಬಡಿದು ನೋಡಿದರು. ಕಟ್ಟೆಯ ಗಿಲಾವು ಸ್ವಲ್ಪ ಉದುರಿತು.

“ಸರ” ಎಂದರು ಕೈ ಮುಗಿದು, “ನಿಮ್ಮ ಸಾಲಾ ಮನ್ನಾ.”

“ಬಡ್ಡಿ?”

“ಬಡ್ಡಿನೂ ಮನ್ನಾ. ಇವನ್ನ ಮಾತ್ರ ಇಲ್ಲಿ ಇಟ್ಟು ಹೋಗಬ್ಯಾಡ್ರಿ.”

ಸುದ್ದಿ ನನಗಿಂತ ಮುಂದೆ ಓಡಿತು. ನಾನು ಬುಟ್ಟಿ ಹೊತ್ತು ಬರುವುದು ಕಂಡರೆ ಸಾಕು, ಜನ ಕಿಟಕಿಯಿಂದಲೇ “ಮನ್ನಾ, ಮನ್ನಾ!” ಎಂದು ಕೂಗಿದರು. ಸಂಜೆಯ ಹೊತ್ತಿಗೆ ಇಡೀ ಊರಿನ ಸಾಲ ಮನ್ನಾ ಆಯಿತು. ಅರ್ಜಿ ಇಲ್ಲ, ಚಳವಳಿ ಇಲ್ಲ, ಎದುರಿಗೆ ಚುನಾವಣೆಯೂ ಇಲ್ಲ!

ಒಪ್ಪದವಳು ಗಂಗವ್ವ ಒಬ್ಬಳೇ. “ನನ್ನ ಐದು ನನಗ ಬೇಕು” ಎಂದು ಎಣಿಸಿ ತೆಗೆದುಕೊಂಡಳು. ಇಡೀ ಊರಿನಲ್ಲಿ ನನ್ನ ಕೈಯ ರೊಟ್ಟಿಗೆ ಬೆಲೆ ಕಟ್ಟಿದ ಜೀವ ಒಂದಾದರೂ ಇದೆಯಲ್ಲ!

ನಿನ್ನೆ ಅವಳ ಮನೆಗೆ ಹೋಗಿದ್ದೆ. ನೀರಿನ ಕೊಡದ ಮೇಲೆ ಒಂದು, ಮಜ್ಜಿಗೆಯ ಗಡಿಗೆಯ ಮೇಲೆ ಒಂದು, ಕುಂಟುತ್ತಿದ್ದ ಮಂಚದ ಕಾಲ ಕೆಳಗೆ ಎರಡು. ಐದನೆಯದನ್ನು ಕೇಳಿದೆ.

“ಹಿತ್ತಲ ಬಾಗಲಾ ಗಾಳಿಗೆ ಬಡೀತಿತ್ತು ತಮ್ಮಾ” ಎಂದಳು. “ಈಗ ಅಲಗಾಡವಲ್ದು.”